ಸೊನ್ನೆ ಟಿಕೇಟು

ಸುಂಟಿಕೊಪ್ಪದಲ್ಲಿ ಏಳೂಕಾಲರ ಬಸ್ಸು.
ಕಂಡಕ್ಟರು ಹರಿದು ಕೊಟ್ಟ ಚೀಟಿಯಲ್ಲಿ
ದುಡ್ಡಿನ ಜಾಗಕ್ಕೆ ಸೊನ್ನೆ.
ಎಸೆಯಲು ಮನಸ್ಸಾಗದೆ ಪರ್ಸಿಗೆ ತುರುಕುತ್ತೇನೆ,
ಆಧಾರ್ ಕಾರ್ಡಿನ ಹಿಂದೆ ಈಗ ದಪ್ಪ ಕಂತೆ.
ಈ ಸೊನ್ನೆ ಇರುವುದಕ್ಕೇ ನಾನು
ಕುಶಾಲನಗರದ ಬಾಡಿಗೆಗೆ ಹೆದರಿ
ಇಲ್ಲಿ, ಮೊಯ್ದು ಕಾಕನ ಹಿತ್ತಿಲ ಕೋಣೆಯಲ್ಲಿ ಉಳಿದದ್ದು.

ಕಂಬಿ ಹಿಡಿದು ನಿಂತ ಗಂಡಸು ಯಾರಿಗೋ ಹೇಳುತ್ತಾನೆ:
ಬಿಟ್ಟಿ ಸಿಕ್ಕಿ ಹೆಂಗಸರೆಲ್ಲ ಸೋಮಾರಿಗಳಾದರು.
ಏಳೂಕಾಲಕ್ಕೆ. ಬಸ್ಸು ತುಂಬ
ಟಿಫಿನ್ನು ಹಿಡಿದ ಸೋಮಾರಿಗಳು.

ಕೂಡ್ಲೂರಿನ ಕ್ಯೂರಿಂಗ್ ಶೆಡ್ಡು.
ಎದೆಮಟ್ಟದ ಮೇಜು, ನಿಂತೇ ಕೆಲಸ.
ಕಪ್ಪಾದದ್ದು, ಒಡೆದದ್ದು, ಹುಳ ತಿಂದದ್ದು ಎಡಕ್ಕೆ.
ಹನ್ನೊಂದು ವರ್ಷ. ಕಣ್ಣು ಮುಚ್ಚಿದರೂ
ಬೆರಳಿಗೆ ಗೊತ್ತು ಯಾವ ಬೀಜ ಹಡಗು ಹತ್ತುವುದಿಲ್ಲವೆಂದು.
ಶನಿವಾರ ಚೆಂಗಪ್ಪ ಸಾರ್ ಕರೆದರು:
ರೆಜಿನಾ, ಮೇಸ್ತ್ರಿ ಆಗ್ತೀಯಾ?
ತಿಂಗಳ ಸಂಬಳ. ಸಾವಿರದ ಎಂಟುನೂರು ಜಾಸ್ತಿ.
ಕೂರಲು ಸ್ಟೂಲು.

ಊಟದ ಹೊತ್ತಲ್ಲಿ ತಾಯಮ್ಮ ಬೆರಳು ಮಡಚಿದಳು.
ಸಂಬಳದ ಚೀಟಿ ಉದ್ದವಾದರೆ ಕಾರ್ಡು ಹೋಯ್ತು ಅಂತಿಟ್ಟುಕೋ.
ಮೂವತ್ತು ಕಿಲೋ ಅಕ್ಕಿ, ಅಂಗಡಿ ರೇಟಲ್ಲಿ
ಸಾವಿರದ ಮುನ್ನೂರೈವತ್ತು.
ಆದಾಯದ ಪತ್ರ ಸಿಗದಿದ್ದರೆ
ಮಡಿಕೇರಿಯಲ್ಲಿ ನಿನ್ನ ಜೋಸ್ಮಿಯ ಹಾಸ್ಟೆಲು ಒಂಬೈನೂರು.
ಮೇಲೆ ಹತ್ತಿದರೆ ನೀನು
ನಾನೂರೈವತ್ತು ರೂಪಾಯಿ ಕೆಳಗೆ.
ಉಪ್ಪಿನಕಾಯಿ ನೆಕ್ಕಿ ಇನ್ನೊಂದು ಸಲ ಕೂಡಿಸಿದಳು.
ಅಷ್ಟೇ ಬಂತು.

ಎರಡು ಸಾವಿರ ಖಾತೆಗೆ ಬೀಳತೊಡಗಿದ ತಿಂಗಳು
ಮೊಯ್ದು ಕಾಕ ಅಂಗಳದಲ್ಲಿ ನಿಂತು ಕೇಳಿದ್ದ,
ದುಡ್ಡು ಬಂತಾ ರೆಜಿನಾ?
ಅಕ್ಕರೆಯಲ್ಲೇ ಕೇಳಿದ್ದು.
ಮುಂದಿನ ಒಂದನೇ ತಾರೀಕು ಬಾಡಿಗೆ
ಮೂರೂವರೆಯಿಂದ ನಾಲ್ಕಾಯಿತು.
ಕರೆಂಟು ಬಿಲ್ಲು ಬರುವುದು ಅವನ ಹೆಸರಿಗೆ, ಸೊನ್ನೆ;
ನಾನು ಕೊಡುವುದು ಮುನ್ನೂರು.
ಮೀಟರು ನನ್ನದಲ್ಲವಾ, ಎನ್ನುತ್ತಾನೆ.
ಕರಾರುಪತ್ರ ಕೇಳಿದರೆ ನಗುತ್ತಾನೆ,
ನಮ್ಮೊಳಗೆ ಎಂಥ ಪತ್ರ.

ಕೆಟ್ಟವನಲ್ಲ. ಆಟಿಯಲ್ಲಿ ಗೋಡೆ ಜರಿದಾಗ
ತಗಡು ತಲೆ ಮೇಲೆ ಹೊತ್ತು ತಂದವನು.
ಮುಂದಿನ ಮನೆ ಹೋಂಸ್ಟೇ ಆಗಿದೆ.
ಅಲ್ಲಿ ಒಂದು ರಾತ್ರಿಗೆ ಬರುವುದು
ನನ್ನಿಂದ ತಿಂಗಳಿಗೆ ಬರುತ್ತದೆಂದು
ಅವನಿಗೂ ಗೊತ್ತು, ನನಗೂ ಗೊತ್ತು.
ಇಬ್ಬರೂ ಬಾಯಿ ಬಿಡುವುದಿಲ್ಲ.

ಚೆಂಗಪ್ಪ ಸಾರ್ ದಾರಿ ಹೇಳಿಕೊಟ್ಟರು:
ಚೀಟಿಯಲ್ಲಿ ಹಳೇದನ್ನೇ ಬರೆಯುವ,
ಉಳಿದದ್ದು ಕೈಗೆ.
ಪಿಎಫ್ಫು?
ಅದು ಚೀಟಿಯಲ್ಲಿದ್ದಷ್ಟಕ್ಕೆ.
ಅಂದರೆ ಒಳ್ಳೆ ಬೀಜವಾದ ತಪ್ಪಿಗೆ
ನನ್ನ ಕೈಯಿಂದಲೇ ನನ್ನನ್ನು
ಎಡಕ್ಕೆ ತಳ್ಳಬೇಕು.

ರಾತ್ರಿ ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ,
ಅಕ್ಕಿ, ಹಾಸ್ಟೆಲು, ನಾನೂರೈವತ್ತು.
ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡು
ನನ್ನ ಬಾತ ಕಾಲು ಮಡಿಲಿಗೆಳೆದುಕೊಂಡಳು:
ಇದಕ್ಕೆ ಎಷ್ಟು ಹಾಕಿದ್ದೀರಿ
ಆ ಲೆಕ್ಕದಲ್ಲಿ?

ಉತ್ತರವಿರಲಿಲ್ಲ.
ಆಚೆ ಹೋಂಸ್ಟೇಯ ಹುಡುಗರು ಬೆಂಕಿ ಹಾಕಿ ಹಾಡುತ್ತಿದ್ದರು.
ಮೊಯ್ದು ಕಾಕ ಬಂದು ಮೆಲ್ಲಗೆ,
ದೀಪ ಆರಿಸ್ತೀಯಾ ಮೋಳೇ,
ಅವರಿಗೆ ನಕ್ಷತ್ರ ಕಾಣಬೇಕಂತೆ, ಎಂದ.
ಆರಿಸಿದೆ. ಆ ಒಂದು ಗಂಟೆಯ ಕರೆಂಟು
ಮುನ್ನೂರರಲ್ಲಿ ಕಳೆಯುತ್ತಾನಾ ಎಂದು
ಕತ್ತಲಲ್ಲಿ ನಗು ಬಂತು.

ಸೋಮವಾರ ಸ್ಟೂಲು ಬಂದಿತ್ತು,
ಮೇಜಿನ ತಲೆಗೆ, ಹಸಿರು ಬಣ್ಣ ಇನ್ನೂ ಅಂಟುವಂತಿತ್ತು.
ಅದರ ಮೇಲೆ ತಾಯಮ್ಮನ ಟಿಫಿನ್ನು.
ಚೆಂಗಪ್ಪ ಸಾರ್ ಕನ್ನಡಕದ ಮೇಲಿಂದ ನೋಡಿದರು.
ಬೀಜ ಸುರಿಯಲು ಶುರುವಾಗಿತ್ತು.
ನಾನು ಟಿಫಿನ್ನು ಎತ್ತಿ
ಕೆಳಗಿಟ್ಟೆ.