ನಡುವಿನ ಚೌಕ

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯಲ್ಲಿ
ನಲವತ್ತೆರಡು ಪ್ರಶ್ನೆ ಹಂಚಿ ಬಂದೆ.
ಹಾಳೆಗಳ ಮೇಲೆಲ್ಲ ಗೇರೆಣ್ಣೆಯ ಕಪ್ಪು ಬೆರಳು.

ಎಡಕ್ಕೆ ಮೇಸ್ತ್ರಿಯ ಬೈಗುಳ,
ಬಲಕ್ಕೆ ಸಂಜೆಯ ತೂಕದಲ್ಲಿ ತುಂಡಾದ ಬೀಜ,
ನಡುವೆ ಒಂದು ಚೌಕ, ಎರಡು ಬಾಣ.
ಚೌಕದಲ್ಲಿ ‘ಮನಸ್ತಾಪ’ ಅಂತ ನಾನೇ ಬರೆದದ್ದು.

ಐದು ಸಾವಿರ ಸಲ
ಅದೇ ಉತ್ತರಗಳನ್ನು ಕಲಸಿ ಹೆಕ್ಕಿ
ಮತ್ತೆ ಕಲಸಿದರೂ
ಲ್ಯಾಪ್‌ಟಾಪು ನೆಟ್ಟ ಎರಡು ಗೂಟಗಳ ನಡುವೆ
ಸೊನ್ನೆ, ಮೆಲುಕು ಹಾಕುವ ಎಮ್ಮೆ,
ಏಳಲಿಲ್ಲ.

ಮತ್ತೊಮ್ಮೆ ಹೋದೆ.
ಎಲ್ಲದಕ್ಕೂ ‘ಮೂರು’ ಎಂದೇ ಗುರುತು ಹಾಕಿದ್ದ ವಾರಿಜಕ್ಕ
ಸಿಪ್ಪೆ ಬಿಡಿಸುತ್ತ, ತಲೆಯೆತ್ತದೆ, ಹೇಳಿದಳು:

“ಬೈದರೆ ಬೀಜ ಒಡೀತದಾ ಮಾರಾಯ್ತಿ?
ಬೈದ ದಿನ ನಾವು ಯಾರೂ ಮಾತಾಡುವುದಿಲ್ಲ.
ಮಾತಿಲ್ಲದಿದ್ದರೆ ಕೈಗೆ ತಾಳ ಸಿಕ್ಕುವುದಿಲ್ಲ.
ಒಡೆಯುವುದು ಅಲ್ಲಿ.”

ನಲವತ್ತೆರಡರಲ್ಲಿ
ಮಾತಿನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ಸುರತ್ಕಲ್ ಬಸ್ಸಿಗೆ ಕಾಯುವಾಗ ನೆನಪಾಯಿತು:
ಫಾರಂ ಹಂಚಿದ ಆ ಮೂರೂ ದಿನ
“ಪಕ್ಕದವರ ಹತ್ತಿರ ಮಾತಾಡಬೇಡಿ,
ನಿಮ್ಮ ಉತ್ತರ ನಿಮ್ಮದೇ ಇರಲಿ”
ಅಂತ ಸಾಲು ಸಾಲಿಗೂ ಹೋಗಿ ಹೇಳಿದವಳು
ನಾನು.

ಆ ಮೂರು ಸಂಜೆಗಳ ತೂಕದ ಪಟ್ಟಿ ಕೇಳಲು
ಇನ್ನೂ ಧೈರ್ಯ ಬಂದಿಲ್ಲ.