ಲಾಟ್ ನಲವತ್ತೊಂದರ ಬೆನ್ನು

ಎಲ್ಲರೂ ಎದುರು ನಿಂತು ನೋಡುವ ಚಿತ್ರವನ್ನು
ನಾನು ಹಿಂದಿನಿಂದ ನೋಡುತ್ತೇನೆ. ಅದು ನನ್ನ ಕಸುಬು.
ದುಬೈಯ ಅಲ್ ಕೂಝ್‌ನಲ್ಲಿ ಗೋದಾಮು, ಜೂನ್ ತಿಂಗಳು,
ಒಳಗೆ ಇಪ್ಪತ್ತು ಡಿಗ್ರಿ, ಚಿತ್ರಗಳಿಗಾಗಿ, ನಮಗಲ್ಲ;
ಸಿಗರೇಟಿಗೆಂದು ಹೊರಗೆ ಹೋದರೆ
ಚಪ್ಪಲಿ ಡಾಂಬರಿಗೆ ಅಂಟುತ್ತದೆ.

ಮೇಜಿನ ಮೇಲೆ ಬೋರಲು ಮಲಗಿದ್ದಾನೆ
ಸಿರಿಲ್ ಥಾರ್ನ್‌ಬೆಕ್.
ಕ್ಯಾಟಲಾಗಿನಲ್ಲಿ ಅವನಿಗೆ ಕೊಟ್ಟದ್ದು ಆರು ಸಾಲು:
ಹುಟ್ಟಿದ್ದು ನಾರ್ಫಕ್‌ನಲ್ಲಿ, ಗಿರಣಿಯವನ ಮೂರನೆಯ ಮಗ.
ಯುದ್ಧದಲ್ಲಿ ಎರಡು ಬೆರಳು ಹೋದವು, ಎಡಗೈಯವು.
ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಿಕೆ. ಮದುವೆ ತಡವಾಗಿ.
ಒಂದೇ ಹೊಲವನ್ನು ಮೂವತ್ತು ವರ್ಷ ಬರೆದ.
ಬದುಕಿರುವಾಗ ಮಾರಾಟವಾದದ್ದು ಕಡಿಮೆ.
ಈ 'ಕಡಿಮೆ'ಯನ್ನು ಅಚ್ಚಿಗೆ ಕೊಡುವಾಗ ಮಾರಿಸೆಲ್
'ಅಪರೂಪ' ಎಂದು ತಿದ್ದಿದಳು.

ಬೆನ್ನು ಬೇರೆ ಹೇಳುತ್ತದೆ.
ಮೊಳೆಗಳಲ್ಲಿ ನಾಲ್ಕು ಜಾತಿ: ಸಿಕ್ಕಿದ್ದು ಹೊಡೆದಿದ್ದಾನೆ,
ಒಂದಂತೂ ಲಾಳದ ಮೊಳೆ.
ಕ್ಯಾನ್ವಾಸಿಗೆ ತೇಪೆ, ಸಣ್ಣ ಹೊಲಿಗೆ, ಅವನ ಕೈಯದಲ್ಲ.
ಕೆಳಗಿನ ಪಟ್ಟಿ ಯಾವುದೋ ಪೆಟ್ಟಿಗೆಯ ಹಲಗೆ,
ಅದರ ಮೇಲೆ ಬರೆ ಹಾಕಿದಂಥ ಮುದ್ರೆ: ಬಸ್...
ಮುಂದಿನದನ್ನು ಗರಗಸ ತಿಂದಿದೆ.
"ಬಸ್ ಅಂದರೆ ಸಾಕು," ನಕ್ಕ ಗುಲ್ ಝಮಾನ್,
ಪಾಲಿಶ್ ಬಟ್ಟೆ ಹೆಗಲಿಗೆ ಎಸೆದುಕೊಂಡು.
ಅಲ್ಲ ಮಾರಾಯ, ಬಸ್ರಾ. ಖರ್ಜೂರದ ಪೆಟ್ಟಿಗೆ.
ಇದೇ ಕಡಲಿನಲ್ಲಿ, ಈ ಗಾಜಿನ ಕಟ್ಟಡಗಳು ಏಳುವ ಮೊದಲು,
ಹಡಗೇರಿ ಹೋಗಿ, ಅವನೂರ ಅಂಗಡಿಯಲ್ಲಿ ಖಾಲಿಯಾಗಿ,
ಅವನ ಹೊಲವನ್ನು ಬಿಗಿಹಿಡಿದು ನಿಂತ ಹಲಗೆ
ತೊಂಬತ್ತು ವರ್ಷದ ಮೇಲೆ ವಿಮಾನದಲ್ಲಿ ವಾಪಸು ಬಂದಿದೆ.
ಯಾರೂ ಬಾ ಅನ್ನಲಿಲ್ಲ.
ಮೂಸಿ ನೋಡಿದೆ. ಸಿಹಿಯೇನೂ ಉಳಿದಿಲ್ಲ.
ಅಗಸೆ ಎಣ್ಣೆಯ ಕಮಟು.

ಆಮೇಲೆ ತಿರುಗಿಸಿದೆ.
ಕೊಯ್ದ ಬಾರ್ಲಿ ಹೊಲ, ಇಳಿಹೊತ್ತು, ಮೋಡ,
ಕೆಸರಿನಲ್ಲಿ ಗಾಡಿಯ ಜಾಡು, ಎಡಮೂಲೆಯಲ್ಲಿ
ನಮ್ಮ ಕಾರ್ಕಳದ ಕಡೆ ತಡಮೆ ಅನ್ನುತ್ತೇವಲ್ಲ, ಅದು:
ದನ ನುಗ್ಗದಂತೆ ಅಡ್ಡ ಹಾಕುವ ಮರದ ಗೇಟು.
ಮೇಲಿನ ಕೀಲು ಕಳಚಿ ಹೊಲದ ಕಡೆ ವಾಲಿದೆ.
ಕಲೆ ನನಗೆ ತಿಳಿಯದು. ಆದರೆ ಆ ವಾಲಿಕೆ ಸುಳ್ಳಲ್ಲ.
ಭಾರ ಎಲ್ಲಿ ಬೀಳುತ್ತದೆಂದು ಬಲ್ಲವನೇ ಹಾಗೆ ಬರೆದಾನು.
ಮತ್ತೆ ಬೆನ್ನಿಗೆ ಬಂದೆ. ಮೂಲೆಯಲ್ಲಿ ಪೆನ್ಸಿಲ್ ಗೀಚು,
ಮಾರಿಸೆಲ್ ಕನ್ನಡಕ ಏರಿಸಿ ಓದಿದಳು:
"ಗುರುವಾರ. ಗೇಟು ಸರಿಮಾಡುವುದು."

ಹರಾಜಿನ ರಾತ್ರಿ ಬಿಳಿ ಕೈಗವಸು ತೊಟ್ಟು
ನಾವಿಬ್ಬರು ಅದನ್ನು ದೀಪದ ಕೆಳಗೆ ಎತ್ತಿ ಹಿಡಿದೆವು.
ಫೋನಿನಲ್ಲಿ ಯಾರೋ ಕುವೈತಿನವರು,
ಮುಂದಿನ ಸಾಲಿನಲ್ಲಿ ಮುತ್ತಿನ ಸರದ ಹೆಂಗಸು,
ಐದೈದು ಸಾವಿರ ದಿರ್ಹಮಿನ ಮೆಟ್ಟಿಲು.
ನನ್ನ ಹದಿನಾಲ್ಕು ವರ್ಷದ ಸಂಬಳ ದಾಟಿದಾಗ
ತೋಳು ನೋಯತೊಡಗಿತು.
ಚೌಕಟ್ಟಿನ ಆಚೆ ತುದಿಯಿಂದ ಗುಲ್ ಝಮಾನ್
ತುಟಿ ಅಲುಗದಂತೆ, "ಬಸ್," ಎಂದ.
ಸುತ್ತಿಗೆ ಬಿತ್ತು.

ಜಿನೀವಾದ ಉಗ್ರಾಣಕ್ಕಂತೆ, ಗೋಡೆಗಲ್ಲ.
ಪೆಟ್ಟಿಗೆ ಮಾಡುವವನು ನಾನೇ: ಪ್ಲೈವುಡ್, ಒಳಗೆ ಫೋಮು,
ಮುಚ್ಚಳಕ್ಕೆ ಹನ್ನೆರಡು ಸ್ಕ್ರೂ, ನಿಯಮ ಹಾಗೆ.
ಇದಕ್ಕೆ ಮಾತ್ರ ಹಿತ್ತಾಳೆಯ ಎರಡು ಕೀಲು ಕೂರಿಸಿದೆ,
ಎಣ್ಣೆ ಬಿಟ್ಟು, ನಾಲ್ಕು ಸಲ ತೆಗೆದು ಮುಚ್ಚಿ ನೋಡಿದೆ.
ಸದ್ದಿಲ್ಲ.

ಮಾರಿಸೆಲ್ ಬಿಲ್ಲು ಹಿಡಿದು ಬಂದಳು: ಇದೇನು ಹೊಸ ಖರ್ಚು?
ಇವತ್ತು ಯಾವ ವಾರ, ಕೇಳಿದೆ.
ಮಂಗಳವಾರ.
ಹಾಗಾದರೆ ಬಿಡು,
ಎರಡು ದಿನ ಮುಂಚೆಯೇ ಆಯಿತು.