ಐದು ಪಾಲು

ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ
ಸರಪಳಿ ಎಳೆದವನು ನಾನು.
ಹಿರಿಯೂರಿಂದ ಹೊಳಲ್ಕೆರೆವರೆಗೆ
ಎಷ್ಟು ಬಾಂದುಕಲ್ಲು ರಾತ್ರೋರಾತ್ರಿ ನಡೆದಿವೆ,
ಯಾವುದು ಮೊಳ, ಯಾವುದು ಮಾರು,
ಕೇಳಿ, ಹೇಳುತ್ತೇನೆ.

ಅದಕ್ಕೇ ಕರೆದರೋ ಏನೋ, ದುರ್ಗದಾಚೆ
ಹಳೇ ಗಣಿ ಮುಚ್ಚಿ ಹುಲ್ಲು ಹಾಸಿದ ಬಯಲಿಗೆ,
ಗಾಲ್ಫ್ ಪಂದ್ಯಕ್ಕೆ.
ದಿನಕ್ಕೆ ಎಂಟುನೂರು, ಊಟ, ಒಂದು ಬಿಳಿ ಟೋಪಿ.
ಚೆಂಡಿನ ಹಿಂದೆ ನಡೆಯಬೇಕು,
ಬಿದ್ದಲ್ಲಿ ಪುಟ್ಟ ಬಾವುಟ ನೆಡಬೇಕು,
ಮಾತಾಡಬಾರದು.

ಕೊನೆಯ ದಿನ, ಕೊನೆಯ ಕುಳಿ.
ಪಾಲಯ್ಯ ಒಂದೇಟು ಮುಂದಿದ್ದ.
ನಮ್ಮ ಚಳ್ಳಕೆರೆ ಪಾಲಯ್ಯ,
ಎಣ್ಣೆ ಮಿಲ್ಲಿನ ಹಮಾಲಿ ಓಬಯ್ಯನ ಮಗ.
ಚೆಂಡು ಗರಿಕೆಯಲ್ಲಿ ಕೂತಿತ್ತು
ಗಣಪನ ಮುಂದಿಟ್ಟ ಕಡುಬಿನ ಹಾಗೆ.
ಕೋಲನ್ನು ಅದರ ಬೆನ್ನಿಗೆ ತಂದ;
ಅದೇ ಹೊತ್ತಿಗೆ ಜೋಗಿಮಟ್ಟಿ ಕಡೆಯಿಂದ ಗಾಳಿ ಇಳಿಯಿತು,
ಗುಡ್ಡದ ಮೇಲಿನ ಗಾಳಿಗಂಬಗಳೆಲ್ಲ
ಒಟ್ಟಿಗೆ ತೋಳು ಬೀಸಿದವು.
ಚೆಂಡು ಅಲ್ಲಾಡಿತು.
ಎಷ್ಟು? ಎಳ್ಳಷ್ಟು.
ಅದರಲ್ಲೂ ಸಿಪ್ಪೆ ತೆಗೆದು.
ಅವನು ಹೊಡೆದ.
ಜನ ಕೂಗಿತು.

ಆಮೇಲೆ ಡೇರೆ. ಟೀವಿ.
ಎಳ್ಳನ್ನು ತೆಂಗಿನಕಾಯಿ ಮಾಡಿ
ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ.
ಚೆಂಡಿನ ಮೈಮೇಲಿನ ಒಂದು ಸಿಡುಬಿನ ಕಲೆ
ಬಿಸಿಲಿಂದ ನೆರಳಿಗೆ ಸರಿಯುತ್ತಿತ್ತು.
ದೊಡ್ಡ ರೆಫರಿ ದೆಹಲಿಯವರು, ಒಳ್ಳೆಯವರು,
ನನಗೂ ಕುರ್ಚಿ ಹಾಕಿಸಿದರು.
'ಹತ್ತಿರ ಇದ್ದವನು ನೀನು. ಅಲ್ಲಾಡಿತೇ?'
'ಅಲ್ಲಾಡ್ತು ಸಾರ್.'
ಯಾಕೆ ಅಂತ ಕೇಳಲಿಲ್ಲ.
ಕೇಳಿದ್ದಕ್ಕಷ್ಟೇ ಉತ್ತರ,
ಕಟಕಟೆ ಕಲಿಸಿದ ಚಾಳಿ ನನ್ನದು.

ಪುಸ್ತಕದಲ್ಲಿದೆಯಂತೆ:
ನೂರಕ್ಕೆ ತೊಂಬತ್ತೈದು ಪಾಲು ಖಾತ್ರಿಯಾದರೆ ಸಾಕು,
ಅಲ್ಲಾಡಿಸಿದ್ದು ಆಟಗಾರನೇ.
ಇದ್ದಲ್ಲಿಗೆ ಮರಳಿ ಇಡದೆ ಹೊಡೆದರೆ
ಎರಡೇಟು ದಂಡ.
ಒಂದರಲ್ಲಿ ಗೆದ್ದವನು ಒಂದರಲ್ಲಿ ಸೋತ.

ಪಾಲಯ್ಯ ಕೇಳಿದ್ದು ಇಷ್ಟೇ:
'ಗಾಳಿಗೆ ಎಷ್ಟು ಪಾಲು ಕೊಟ್ರಿ?'
ಯಾರೂ ನಗಲಿಲ್ಲ. ಅವನೇ ನಕ್ಕ.
ಚೀಟಿಗೆ ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕಿ
ಎರಡೂ ಕೈಲಿ ಕೊಟ್ಟ.
ಕಪ್ಪು ಪಡೆದ ಚಂಡೀಗಢದ ಹುಡುಗ
ಅದನ್ನು ಎದೆಗಿಂತ ಮೇಲೆ ಎತ್ತಲೇ ಇಲ್ಲ.

ಸಂಜೆ ಚಹದಂಗಡಿಯಲ್ಲಿ
ಗಾಲ್ಫ್ ಅಂದರೇನೆಂದು ತಿಳಿಯದವರೂ
ಲೋಟ ಸರಿಸಿ ಸರಿಸಿ ತೋರಿಸುತ್ತಿದ್ದರು.
ಮಂಡಕ್ಕಿ ಮೆಲ್ಲುತ್ತಾ ಒಬ್ಬ ಅಂದ, 'ದುಡ್ಡು ತಿಂದವ್ರೆ.'
ಇನ್ನೊಬ್ಬ, 'ರೂಲ್ಸ್ ಅಂದ್ರೆ ರೂಲ್ಸು ಕಣಪ್ಪ.'
ಇಬ್ಬರೂ ನನ್ನ ಟೋಪಿ ನೋಡಿದರು.
ನಾನು ಚಿಲ್ಲರೆ ಎಣಿಸಿದೆ.

ಆ ಉಳಿದ ಐದು ಪಾಲು ಎಲ್ಲಿ ಜಮಾ ಆಯಿತು?
ಯಾವ ಖಾತೆ, ಯಾವ ಸರ್ವೆ ನಂಬರು?
ಪಹಣಿಯಲ್ಲಿಲ್ಲ.
ರಾತ್ರಿ ದಿಂಬಿನ ಕೆಳಗೆ ಸಿಕ್ಕಿತು,
ಚೆಂಡಿನಷ್ಟೇ ಗಾತ್ರ, ಅಷ್ಟೇ ಗಟ್ಟಿ.

ಬೆಳಗಿಗೇ ಹೋದೆ, ಹಳೇ ಟೇಪು ಹಿಡಿದು.
ಅದೇ ಗರಿಕೆ. ಒಂದು ಚೆಂಡು ಇಟ್ಟೆ, ಕೋಲಿಲ್ಲದೆ,
ಎರಡು ಕಡ್ಡಿ ನೆಟ್ಟು ಗುರುತು ಮಾಡಿ ಕುಕ್ಕರುಗಾಲಲ್ಲಿ ಕೂತೆ.
ಗುಡ್ಡದ ಮೇಲೆ ಗಾಳಿಗಂಬಗಳು
ಕೈ ಕಟ್ಟಿ ನಿಂತಿದ್ದವು, ನೆನ್ನೆ ತಾವಿಲ್ಲಿರಲೇ ಇಲ್ಲ ಎಂಬಂತೆ.
ಹುಲ್ಲು ಕುಯ್ಯುವ ಹನುಮಕ್ಕ ಬಂದಳು,
'ಏನ್ ಮೊಟ್ಟೆ ಮರಿ ಆಗೋದು ಕಾಯ್ತಿದೀಯಾ?'
ಎಂಟಾಯಿತು. ಒಂಬತ್ತಾಯಿತು.
ಬೀಡಿ ಹಚ್ಚಲು ತಲೆ ಬಗ್ಗಿಸಿದೆ.
ಕಡ್ಡಿ ಆರಿತು. ಮತ್ತೊಂದು ಗೀರಿದೆ. ಅದೂ ಆರಿತು.
ತಲೆ ಎತ್ತಿದರೆ
ಚೆಂಡು ಎರಡು ಬೆರಳು ಆಚೆ.

'ನೋಡ್ದೇನಕ್ಕ? ನೀನು ನೋಡ್ದೆ ತಾನೆ?'
ಹನುಮಕ್ಕ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿದಳು.
'ನಾನೇನೂ ನೋಡಲಿಲ್ಲಪ್ಪ.
ನನ್ನ ಹೆಸರು ಬರೆಸಬ್ಯಾಡ.'